ಬೈರಪ್ಪನ ತಲೆಲೆಕ್ಕ

ಮಾರಂಡಹಳ್ಳಿ ಕಡೆಯ ಕುರುಬರ ಹಳ್ಳಿಯೊಂದರಲ್ಲಿ ನ್ಯಾಯ ಹೇಳುತ್ತಿದ್ದವನು ಬೈರಪ್ಪ. ಕುರಿ ಎಣಿಸಿ ಎಣಿಸಿ ಅವನಿಗೆ ಮನುಷ್ಯರನ್ನೂ ಎಣಿಸುವ ಚಟ ಹತ್ತಿತ್ತು. ಯಾವ ಜಗಳ ಬಂದರೂ ಅವನದು ಒಂದೇ ತಕ್ಕಡಿ: ಎಷ್ಟು ತಲೆಗೆ ಸುಖ, ಎಷ್ಟು ತಲೆಗೆ ನೋವು? ಸುಖದ ತಟ್ಟೆ ಇಳಿದರೆ ಮಾತು ಮುಗಿಯಿತು.

ಹುರುಳಿಲ್ಲದ ಲೆಕ್ಕವೇನೂ ಅಲ್ಲ. ಒಂದು ಬೇಸಿಗೆಯಲ್ಲಿ ಊರ ಗೌಡ ಕೆರೆಯ ನೀರನ್ನೆಲ್ಲ ತನ್ನ ಬಾಳೆಗೆ ತಿರುಗಿಸಿಕೊಂಡಾಗ, "ಗೌಡ್ರೂ ಒಂದೇ ತಲೆ, ಗೌಡ್ರ ಎಮ್ಮೆ ಕಾಯೋನೂ ಒಂದೇ ತಲೆ" ಎಂದು ಕಾಲುವೆ ಮುಚ್ಚಿಸಿದವನು ಅವನೇ. ಊರಿನ ದನಗಳೆಲ್ಲ ನೀರು ಕುಡಿದವು. ಗೌಡನ ಮುಖ ಮಾತ್ರ ಮಳೆಗಾಲದವರೆಗೂ ಬಾಡಿಯೇ ಇತ್ತು.

ಮೂವತ್ತಾರನೇ ಇಸವಿಯಲ್ಲಿ ಧರ್ಮಪುರಿಯ ಬಸ್ಸಿನ ಏಜೆಂಟ್ ಶಿವರಾಮನ್ ಬಂದ. ಮೋಟಾರು ಊರೊಳಕ್ಕೇ ಬರುತ್ತದೆ, ತಿರುಗಿಸಿಕೊಳ್ಳಲು ಜಾಗ ಕೊಡಿ ಎಂದ. ಬೈರಪ್ಪನ ಕಣ್ಣಿಗೆ ಬಿದ್ದದ್ದು ಮುತ್ತಮ್ಮನ ಕಣ. ಗಂಡನಿಲ್ಲದ ಮುತ್ತಮ್ಮ ವರ್ಷದ ರಾಗಿಯನ್ನು ಬಡಿಯುವುದು, ತೂರುವುದು ಎಲ್ಲ ಅಲ್ಲೇ. ಊರಿಗೆ ಊರೇ ಒಂದು ಕಡೆ, ಮುತ್ತಮ್ಮ ಒಂದು ಕಡೆ. "ಕಣ ಬಿಡಬೇಕು" ಎಂದು ಹೇಳಿ ಕಳಿಸಿ, ಊಟಕ್ಕೆ ಮನೆಗೆ ಹೋದ.

ಹೆಂಡತಿ ಚಿನ್ನಕ್ಕ ಮುದ್ದೆಯ ತಟ್ಟೆಯನ್ನು ಕುಕ್ಕಿದಳು.

"ಮಾರಮ್ಮಂಗೆ ಕುರಿ ಕಡಿಯೋಕ್ಮುಂಚೆ ಏನ್ ಮಾಡ್ತೀಯ?"

"ತಲೆ ಮೇಲೆ ನೀರು ಹಾಕ್ತೀನಿ."

"ಯಾಕೆ?"

"ಅದು ಮೈ ಒದರ್ಬೇಕಲ್ಲ! ಒದರಿದ್ರೆ ಒಪ್ಪಿದಂಗೆ. ಇಲ್ದಿದ್ರೆ ಕತ್ತಿ ಎತ್ತೋ ಅಂಗಿಲ್ಲ."

"ಕುರೀನ ಕೇಳ್ತೀಯ. ಮುತ್ತಕ್ಕನ್ನ ಕೇಳಿದ್ಯಾ?"

ಬೈರಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದ.

ಮರುದಿನ ಬೈರಪ್ಪ ಕಣಕ್ಕೆ ಹೋಗುವಷ್ಟರಲ್ಲಿ ಚಿನ್ನಕ್ಕನ ಮಾತು ಊರೆಲ್ಲ ಸುತ್ತಿಬಂದಿತ್ತು. ಜನವೂ ಸೇರಿತ್ತು, ಶಿವರಾಮನ್ ಕೂಡ ಬಂದು ನಿಂತಿದ್ದ.

"ಅಕ್ಕಾ, ಎಲ್ಲರ್ಗೂ ಒಳ್ಳೇದಾಯ್ತದೆ. ಕಣ ಕೊಡ್ತೀಯಾ?"

"ಕೊಡಲ್ಲ ತಮ್ಮಾ. ಬೇಕಿದ್ರೆ ಒಂದು ಚೆಂಬು ನೀರು ಸುರಿದು ನೋಡು" ಎಂದಳು ಮುತ್ತಮ್ಮ. "ನಿನ್ ಕುರಿದೊಡ್ಡಿ ಇದಕ್ಕಿಂತ ಅಗಲ ಐತೆ. ಅದ್ನ ಬಿಡು. ನೀನೂ ಒಂದೇ ತಲೆ ತಾನೆ?"

ಬೈರಪ್ಪ ಬೆವತ. "ಅದೆಂಗಕ್ಕಾ? ನನ್ ಕುರಿಗಳ ತಲೆ ಲೆಕ್ಕಕ್ಕೆ ಬರಲ್ವಾ? ಅವಕ್ಕೂ ನೋವಾಯ್ತದೆ!"

ಅವನ ಅಳಿಯ ದೊಡ್ಡಣ್ಣ ಹಿಂದಿನಿಂದ ಕೂಗಿದ: "ಕುರಿ ಮೈಮೇಲಿರೋ ಉಣ್ಣೀನೂ ಎಣಿಸ್ಬುಡು ಮಾವ, ನೀನೇ ಗೆಲ್ತೀಯ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈರಪ್ಪ ನಗಲಿಲ್ಲ. ಒಬ್ಬಂಟಿಯ ಜಾಗದಲ್ಲಿ ನಿಂತು ನೋಡಿದರೆ ಊರು ತೀರಾ ದೊಡ್ಡದಾಗಿ ಕಾಣುತ್ತದೆ ಎಂಬುದು ಅವನಿಗೆ ಗೊತ್ತಾದದ್ದು ಆಗಲೇ.

"ಕಣಾನೂ ಬ್ಯಾಡ, ದೊಡ್ಡೀನೂ ಬ್ಯಾಡ" ಎಂದ ಕೊನೆಗೆ. "ಮೋಟಾರು ಬಂದ ದಾರೀಲೇ ಬೆನ್ನು ಮುಂದಾಗಿ ಓಗ್ಲಿ."

"ಅಯ್ಯೋ ಕಡವುಳೇ!" ಎಂದು ಶಿವರಾಮನ್ ಆಕಾಶ ನೋಡಿದ. ಆದರೆ ಒಂದು ಊರಿನ ಟಿಕೆಟ್ಟಿನ ದುಡ್ಡು ಕಳೆದುಕೊಳ್ಳಲು ಅವನಿಗೂ ಮನಸ್ಸಿಲ್ಲ.

ಹೀಗೆ ಬಸ್ಸು ಮುಖ ಮುಂದಾಗಿ ಬಂದು, ದೊಡ್ಡ ರಸ್ತೆಯವರೆಗೆ ಹಿಮ್ಮುಖವಾಗಿ ಹೋಗತೊಡಗಿತು. ಕೂತವರಿಗೆಲ್ಲ ಒಂದಿಷ್ಟು ತಲೆ ತಿರುಗುತ್ತಿತ್ತು. ಯಾರ ಮನೆಯೂ ಮುಳುಗಲಿಲ್ಲ. ಮೊದಲ ದಿನ ಮುಂದಿನ ಸೀಟು ಹಿಡಿದವಳು ಮುತ್ತಮ್ಮ, ಮಡಿಲಲ್ಲಿ ಸಂತೆಗೆ ಒಯ್ಯುವ ರಾಗಿ. ಬಸ್ಸಿನ ಹಿಂದೆ ಬೈರಪ್ಪ ಕೋಲು ಎತ್ತಿ, "ಟುರ್ರ್... ಬಾ, ಬಾ, ಎಡಕ್ಕೆ ಬಾ" ಎಂದು ದಾರಿ ತೋರಿಸುತ್ತ ನಡೆದ. ಡ್ರೈವರು ಅವನಿಗೆ ತಮಿಳಿನಲ್ಲಿ ಬೈಯುತ್ತಲೇ ಇದ್ದ.