ಲಿಲ್ಲಿ ಅಕ್ಕನ ‘ಒಳ್ಳೇದುಂಟು’

ಯಾವ ಕೆಲಸ ಮುಗಿಸಿದರೂ ಲಿಲ್ಲಿ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದು, ಕೈ ಒರೆಸಿಕೊಳ್ಳುತ್ತ ಅದನ್ನು ನೋಡುತ್ತಿದ್ದರು. ನೋಡಿ, “ಒಳ್ಳೇದುಂಟು” ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಯೂನಿಫಾರ್ಮಿಗೂ ಅದೇ ಮಾತು, ಬಂಗುಡೆ ಸಾರಿಗೂ ಅದೇ ಮಾತು.

“ನಿಮ್ಮನ್ನ ನೀವೇ ಹೊಗಳ್ಕೊಳ್ತೀರಲ್ಲ ಅಕ್ಕಾ” ಎಂದು ಕೆಣಕಿದರೆ, “ಬೈಬಲಲ್ಲಿ ದೇವರು ಲೋಕ ಮಾಡುವಾಗ ನಿಂತು ನೋಡಿ ‘ಒಳ್ಳೇದುಂಟು’ ಅನ್ಲಿಲ್ವಾ ಮಾರಾಯ? ಮಾಡಿ ಬಿಸಾಡಿ ಓಡುವುದು ನಿಮ್ಮ ಕಂಪ್ಯೂಟರಿನವರು” ಎನ್ನುತ್ತಿದ್ದರು.

ಉಡುಪಿ ಕಡೆಯ ಕ್ರೈಸ್ತರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಹೆರಿಗೆ ಮಾಡಿಸುವ ಮಿಡ್‌ವೈಫ್. ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಅವರ ಮನೆ. ಭಾನುವಾರ ಮಾತ್ರ ಡ್ಯೂಟಿಗೆ ಒಪ್ಪುತ್ತಿರಲಿಲ್ಲ. “ಏಳನೇ ದಿನ ದೇವರೇ ಕೈ ತೊಳೆದು ಕೂತ. ನಿಮ್ಮ ಡ್ಯೂಟಿ ರೋಟಾ ಅವನಿಗಿಂತ ದೊಡ್ಡದಾ?” ಎಂದು ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮಗೆ ಕನ್ನಡದಲ್ಲಿ ಹೇಳಿ ನಗಿಸುತ್ತಿದ್ದರು.

ನಮ್ಮ ಮಗು ಹೊಟ್ಟೆಯಲ್ಲೇ ತೀರಿಕೊಂಡದ್ದು ಗೊತ್ತಾಗಿ, ನನ್ನ ಹೆಂಡತಿ ಸುಧಾ ಅದನ್ನು ಹೆತ್ತದ್ದು ಒಂದು ಭಾನುವಾರ. ಫೋನ್ ಮಾಡಿದೆ. ಲಿಲ್ಲಿ ಅಕ್ಕ ಚರ್ಚಿನ ಸೀರೆಯಲ್ಲೇ ಆಸ್ಪತ್ರೆಗೆ ಬಂದರು.

ಮೈಸೂರಿನಿಂದ ಅಮ್ಮ ಫೋನಿನಲ್ಲಿ, “ಮುಖ ನೋಡ್ಬೇಡ ಕಣೋ, ಮಾಯೆ ಅಂಟ್ಕೊಳ್ಳುತ್ತೆ” ಎಂದಿದ್ದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಕೆಳಗೆ ಕಾರ್ ಪಾರ್ಕಿನಲ್ಲಿ ಯಾರೋ ಟಿಕೆಟ್ ಯಂತ್ರವನ್ನು ಗುದ್ದುತ್ತಿದ್ದ. ಅದನ್ನೇ ನೋಡಿದೆ.

ಹಿಂದೆ ನೀರಿನ ಸದ್ದು. ಲಿಲ್ಲಿ ಅಕ್ಕ ವಾರ್ಡಿನವರನ್ನು ಕೇಳಿ, ತಾವೇ ಸ್ನಾನ ಮಾಡಿಸುತ್ತಿದ್ದರು. ಮೊದಲು ಬಿಸಿನೀರಿನಲ್ಲಿ ತಮ್ಮ ಕೈ ಬೆಚ್ಚಗೆ ಮಾಡಿಕೊಂಡರಂತೆ; ಸುಧಾ ಆಮೇಲೊಮ್ಮೆ ಯಾರಿಗೋ ಹೇಳುತ್ತಿದ್ದಳು. ಉಳಿದದ್ದನ್ನೆಲ್ಲ ಬಾಯಿಮಾತಲ್ಲಿ ಮಾಡಿದ ದೇವರು ಮನುಷ್ಯನಿಗಾಗಿ ಮಾತ್ರ ಮಣ್ಣಿಗೆ ಕೈ ಹಾಕಿದ, ಹಾಗಾಗಿ ತಣ್ಣನೆ ಕೈಯಲ್ಲಿ ಮುಟ್ಟಬಾರದು ಎಂಬುದು ಅವರ ಲೆಕ್ಕ.

“ಆಯ್ತು ಮಗಾ, ಕಿವಿ ಒಂದು ಒರೆಸುವಾ.” ಆಮೇಲೆ ಒಂದು ಹೆಜ್ಜೆ ಸರಿದ ಸದ್ದು. “ಒಳ್ಳೇದುಂಟು.”

“ಏನು ಒಳ್ಳೇದು?” ಎಂದೆ, ತಿರುಗದೆ.

“ಮಗು ಒಳ್ಳೇದುಂಟು. ಆದದ್ದು ಒಳ್ಳೇದಂತ ನಾನು ಹೇಳ್ಲಿಲ್ಲ. ನೋಡ್ತೀಯಾ?”

ಬೇಡ ಎಂದೆ. ಮಗುವನ್ನು ಸುಧಾಳ ಕೈಗೆ ಕೊಟ್ಟರು.

ಮುಂದಿನ ವರ್ಷಗಳಲ್ಲಿ ನಾವಿಬ್ಬರೂ ಮಾರ್ಟ್‌ಗೇಜಿನ ಬಗ್ಗೆ, ಬಾಯ್ಲರಿನ ಬಗ್ಗೆ, ಪಕ್ಕದವರ ಬೆಕ್ಕಿನ ಬಗ್ಗೆ ಮಾತಾಡಿದೆವು. ಮಗುವಿನ ಬಗ್ಗೆ ಆಡಲಿಲ್ಲ. ನನಗೆ ಅಳುವೂ ಬರಲಿಲ್ಲ. ನೆನೆದು ಅಳುವುದಕ್ಕೆ ನನ್ನ ಬಳಿ ಒಂದು ಮುಖವೇ ಇರಲಿಲ್ಲ.

ಲಿಲ್ಲಿ ಅಕ್ಕ ಕಾಯಿಲೆಬಿದ್ದು ಹಾಸಿಗೆ ಹಿಡಿದಾಗ ನೋಡಲು ಹೋದೆ. ಕೇಳಿಯೇಬಿಟ್ಟೆ. “ಅಕ್ಕಾ, ನಮ್ಮ ಮಗಳು ಹೇಗಿದ್ದಳು?”

“ನೆನಪುಂಟು. ಹೇಳುವುದಿಲ್ಲ.”

“ಯಾಕೆ?”

“ಇಷ್ಟು ದೊಡ್ಡ ಲೋಕ ಮಾಡಿ ದೇವರು ಮೊದಲು ‘ಒಳ್ಳೇದಲ್ಲ’ ಅಂದದ್ದು ಎಂತಕ್ಕೆ ಗೊತ್ತುಂಟಾ? ಮನುಷ್ಯ ಒಬ್ಬನೇ ಇರುವುದಕ್ಕೆ. ಆ ಮುಖವನ್ನು ಸುಧಾ ಒಬ್ಬಳೇ ಹೊತ್ತುಕೊಂಡು ತಿರುಗ್ತಾ ಇದ್ದಾಳೆ. ಅವಳನ್ನು ಕೇಳು, ಹೋಗು.”

ಕೇಳಲಿಲ್ಲ. ಆ ಚಳಿಗಾಲದಲ್ಲೇ ಲಿಲ್ಲಿ ಅಕ್ಕ ಹೋದರು. ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿ ಮನೆಗೆ ಬಂದೆ. ನೆಗಡಿಯೆಂದು ಮನೆಯಲ್ಲೇ ಉಳಿದಿದ್ದ ಸುಧಾ ಸಾರಿಗೆ ಒಗ್ಗರಣೆ ಇಡುತ್ತಿದ್ದಳು.

ಬಾಗಿಲಲ್ಲೇ ನಿಂತು ಕೇಳಿದೆ. “ಸುಧಾ, ನಮ್ಮ ಮಗು ಹೇಗಿತ್ತು?”

ಅವಳು ತಿರುಗಲಿಲ್ಲ. ಒಲೆ ಆರಿಸಿದಳು.

“ಶೂ ಬಿಚ್ಚಿ ಬಂದು ಕೂತ್ಕೊಳ್ಳಿ” ಎಂದಳು. “ಹೇಳೋಕೆ ಹೊತ್ತು ಹಿಡಿಯುತ್ತೆ.”