ಪಂಚರು ಔಟ್ ಇಲ್ಲ ಅಂದರೂ ಹೊರಟ ಮಾಸ್ತರರು

ಆಗ ನನಗೆ ಇಪ್ಪತ್ತೆರಡು. ಐವತ್ತು ವರ್ಷದ ಹಿಂದಿನ ಮಾತು. ನಮ್ಮ ಉಮದಿಯಲ್ಲಿ ಒಬ್ಬ ಇಂಗ್ಲೆಂಡಿನ ಮನುಷ್ಯ, ಕ್ರಿಕೆಟ್ ಆಟದಲ್ಲಿ ಪಂಚರು, ಅಂದರೆ ಅಂಪೈರು, ಔಟ್ ಇಲ್ಲ ಅಂದರೂ, ಬ್ಯಾಟ್ ಬಗಲಲ್ಲಿಟ್ಟುಕೊಂಡು ಹೊರಟುಬಿಟ್ಟರು. ಅವತ್ತು ಸಂಜೆ ನಮ್ಮ ಮನೆಯಲ್ಲಿ ಜಗಳದ ಬೆಂಕಿ ಬಿತ್ತು.

ನೆನಪಾಗಿದ್ದು ಮೊನ್ನೆ, ಟಿವಿ ನೋಡುವಾಗ. ಚೆಂಡು ಬ್ಯಾಟಿಗೆ ತಾಗಿಯೇ ಹಿಂದಿನವನ ಕೈ ಸೇರಿದ್ದು ಆಡುವವನಿಗೆ ಗೊತ್ತು. ಆದರೂ ಏನೂ ಅರಿಯದವನಂತೆ ಆಕಾಶ ನೋಡುತ್ತ ನಿಂತಿದ್ದ.

"ನಡೀಲೋ ಹೊರಗ, ಭಾಡ್ಯಾ!" ಎಂದೆ.

ಮಗಳು ನಕ್ಕಳು. "ಅಮ್ಮೀ, ರಿವ್ಯೂ ಅಂತ ಐತಿ. ಮಿಷನ್ ಹೇಳೂತನಕಾ ಅಂವ ಯಾಕ ಹೋಗಬೇಕು?"

ಮಿಷನ್ ಯಾಕೆ ಹೇಳಬೇಕು? ಬ್ಯಾಟ್ ಹಿಡಿದ ಕೈ ಅವನದೇ ಅಲ್ಲವೇ?

ಗೋರಾ ಮಾಸ್ತರರನ್ನು ನೀವು ನೋಡಿಲ್ಲ. ಆ ಇಂಗ್ಲೆಂಡಿನವರಿಗೆ ಊರು ಇಟ್ಟ ಹೆಸರದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ಬಂದವರು, ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಇದ್ದರು. ಊಟ ನಮ್ಮಲ್ಲೇ. (ಮೊದಲ ವಾರ ಖಾರಕ್ಕೆ ಅತ್ತರು. ಆಮೇಲೆ ಅವರೇ ಹಸಿಮೆಣಸಿನಕಾಯಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು.) ಸಂತೆಯಲ್ಲಿ ನಿಂತು ನಿಂತು ನಮ್ಮ ಮಾತನ್ನೇ ಕಲಿತರು.

ಅವರ ದೇಶದಲ್ಲಿ ದೊಡ್ಡ ದೊಡ್ಡ ಆಟಗಾರರ ಸಂಗಡ ಆಡಿದವರಂತೆ. ರಜೆಯಲ್ಲಿ ಕ್ರಿಕೆಟ್. ಸಾಲಿ ಸುರುವಾದರೆ ಬ್ಯಾಟ್ ಮೂಲೆಗೆ. ಆಟಕ್ಕೆ ಕವಡೆ ಕಾಸೂ ಮುಟ್ಟಿದವರಲ್ಲ. ನನ್ನ ಮಾವನಿಗೆ ಇದು ತಲೆಗೇ ಹೋಗುತ್ತಿರಲಿಲ್ಲ. (ಮಾವನನ್ನು ನಾವೆಲ್ಲ ಅಬ್ಬಾ ಅನ್ನುತ್ತಿದ್ದೆವು. ಮಾಸ್ತರರೂ ಹಾಗೇ ಕರೆಯುತ್ತಿದ್ದರು.)

"ಪಗಾರ ಇಲ್ಲದ ಆಟಕ್ಕ ಇಷ್ಟು ಬೆವರ ಯಾಕೋ ಮಾಸ್ತರ?"

"ಪಗಾರ ತಗೊಂಡ್ರ ಅದು ಕೆಲಸ ಆಗ್ತದ್ರಿ ಅಬ್ಬಾ. ಕೆಲಸ ನನಗ ಸಾಲ್ಯಾಗ ಬೇಕಾದಷ್ಟೈತಿ."

ಅಬ್ಬಾ ಸಂತೆಯಲ್ಲಿ ಕಾಳು ತೂಗುವವರು. ಅವರ ತಕ್ಕಡಿಗೆ ಎದುರಾಡಿದವರು ಈ ಸುತ್ತಿನಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಮಾಸ್ತರರು ಅವರಿಗೆ ಆಟದ ನೇಮ ಕಲಿಸಿ, ಪಂಚರಾಗಿ ನಿಲ್ಲಿಸಿದರು. ನಮ್ಮ ಎದುರು ಆಡುವ ಪಕ್ಕದೂರು ಸೊರಡಿಯವರೂ ಒಪ್ಪಿದರು. ಅಬ್ಬಾ ಅವರಿಗೆಲ್ಲ ಚಾಚಾ; ಚಾಚಾ ಅಂದದ್ದೇ ಖರೆ.

ಅವತ್ತು ಸೊರಡಿಯವರ ಜೊತೆಗೇ ಮ್ಯಾಚು. ನಾವು ಹೆಂಗಸರು ಬೇವಿನ ಮರದ ಕೆಳಗೆ. ಮಾಸ್ತರರು ಆಡುತ್ತಿದ್ದರು, ಗೆಲುವು ಕೈಗೆ ಬಂದಿತ್ತು. ಚೆಂಡು ಹಿಂದೆ ಹೋಯಿತು, ಹಿಂದೆ ನಿಂತವನು ಹಿಡಿದ. ಸೊರಡಿಯವರು ಕೂಗಿದರು. ಅಬ್ಬಾ ತಲೆ ಅಲ್ಲಾಡಿಸಿದರು: ಇಲ್ಲ.

ಮಾಸ್ತರರು ಅಬ್ಬಾರ ಕಡೆ ನೋಡಿ ಕೈ ಎತ್ತಿದರು. ಬ್ಯಾಟ್ ಬಗಲಿಗೆ ಸೇರಿಸಿ ಹೊರಟೇ ಬಿಟ್ಟರು. ಉಳಿದವರು ಒಬ್ಬರ ಹಿಂದೆ ಒಬ್ಬರು ಬಂದರು, ಹೋದರು. ಸೋತೆವು.

ಸೋತದ್ದು ಹೋಗಲಿ. ಸೊರಡಿಯವನೊಬ್ಬ ಎಲ್ಲರ ಎದುರು ಹಲ್ಲು ಕಿರಿದ. "ಏನ್ರಿ ಚಾಚಾ, ನಿಮ್ಮ ಮನ್ಯಾಗ ಉಣ್ಣಾವನ ನಿಮ್ಮ ಮಾತ ಕೇಳಂಗಿಲ್ಲಲ್ರಿ!"

ಅಬ್ಬಾ ಮನೆಗೆ ಬಂದವರೇ ಪೇಟಾ ಬಿಚ್ಚಿ ಎಸೆದರು. ಹಿಂದೆಯೇ ಮಾಸ್ತರರು.

"ಎರಡ ಊರಿನ ಮುಂದ ನನ್ನ ಸುಳ್ಳ ಮಾಡಿದಿ" ಎಂದರು ಅಬ್ಬಾ.

"ಇಲ್ರಿ ಅಬ್ಬಾ. ನೀವು ಕಂಡದ್ದ ಹೇಳಿದ್ರಿ. ಚೆಂಡ ಬ್ಯಾಟಿಗೆ ಮುಟ್ಟಿದ್ದು ನನ್ನ ಕೈಗಷ್ಟ ಗೊತ್ತು. ನಾ ಅಲ್ಲೇ ನಿಂತಿದ್ರ ನಿಮ್ಮ ಬಾಯಿಲೆ ನಾನ ಸುಳ್ಳ ಹೇಳಿಸಿದಂಗ ಆಗ್ತಿತ್ತು."

"ತಕ್ಕಡಿ ಹಿಡದಾಂವ ನಾನು. ನಾ ಇಲ್ಲ ಅಂದ ಮ್ಯಾಲ ನೀ ಯಾರು ತೂಗಾಕ?" ಅಬ್ಬಾ ನನ್ನ ಕಡೆ ತಿರುಗಿದರು. "ನಾಳಿಂದ ಇವಂಗ ಈ ಮನ್ಯಾಗ ರೊಟ್ಟಿ ಇಲ್ಲ."

ನನ್ನ ಗಂಡ ತನ್ನ ಚಪ್ಪಲಿ ನೋಡುತ್ತ ನಿಂತ. (ಗಂಡಸರಿಗೆ ಇಂಥ ಹೊತ್ತಿನಲ್ಲಿ ಚಪ್ಪಲಿ ಬಹಳ ಚೆಂದ ಕಾಣುತ್ತದೆ.) ಮಾಸ್ತರರು ಖೋಲಿಗೆ ಹೋಗಿ ಟ್ರಂಕಿಗೆ ಬಟ್ಟೆ ತುಂಬತೊಡಗಿದರು. ನಾನು ಬಾಗಿಲಲ್ಲಿ ನಿಂತೆ.

"ಟ್ರಂಕ ಯಾಕ ತುಂಬಾಕತ್ತೀರಿ?"

"ಅಬ್ಬಾ ಹೇಳಿದ್ರಲ್ಲ, ತಂಗಿ. ಮುಂಜಾನಿ ವಿಜಾಪುರ ಬಸ್ಸಿಗೆ ಹೋಗ್ತೀನಿ. ನಮ್ಮಲ್ಲಿ ಹಿಂಗ ತಾನ ನಡದ ಹೋದವನ ಕೈ ಪಂಚರು ಹಿಡದ ಕುಲುಕ್ತಾರ. ಇಲ್ಲಿ ಹಿರಿಯರಿಗೆ ಅವಮಾನ ಆಗ್ತದಂತ ನನಗ ತಿಳೀಲಿಲ್ಲ."

"ತಿಳದಿದ್ರ ಏನ ಮಾಡ್ತಿದ್ರಿ?"

ಅಂಗಿಯೊಂದನ್ನು ಮಡಚಿ ಟ್ರಂಕಿಗಿಟ್ಟರು. "ನಡದ ಹೋಗ್ತಿದ್ದೆ. ಮೊದಲ ಅವರ ಕಾಲ ಮುಟ್ಟಿ."

"ಹಂಗಾರ ಬಸ್ಸ ಬಿಡ್ರಿ. ರೊಟ್ಟಿ ಬಡಿಯಾಕಿ ನಾನು, ಅಬ್ಬಾ ಅಲ್ಲ."

ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ದೊಡ್ಡ ಮಾತು ಬರುವುದಿಲ್ಲ. ಆದರೆ ಯಾರೂ ಕಾಣದ ತಪ್ಪನ್ನು ತಾನೇ ಎತ್ತಿ ತೋರಿಸಿ, ಗೆದ್ದ ಆಟ ಬಿಟ್ಟು ಬಂದ ಇನ್ನೊಬ್ಬನನ್ನು ಈ ವಯಸ್ಸಿನವರೆಗೆ ನಾನು ನೋಡಿಲ್ಲ. ಅಂಥವನು ಕಲಿಸಿದರೆ ಇಂಗ್ಲಿಷ್ ಬರಲಿ ಬಿಡಲಿ, ಹುಡುಗರಿಗೆ ಏನೋ ಒಂದು ಬಂದೇ ಬರುತ್ತದೆ. ಆಮೇಲೆ ಮಾಸ್ತರರು ತಮ್ಮ ದೇಶಕ್ಕೆ ಮರಳಿ, ಅಲ್ಲೂ ಮುದುಕರಾಗುವವರೆಗೆ ಸಾಲಿಯಲ್ಲೇ ಕಲಿಸುತ್ತ ಇದ್ದರಂತೆ.

ನಮ್ಮ ಮನೆಯಲ್ಲಿ ಒಂದು ರಿವಾಜು ಇತ್ತು. ಹಂಚಿನಿಂದ ಇಳಿದ ಮೊದಲ ರೊಟ್ಟಿ ಅಬ್ಬಾರದು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ, ನನ್ನ ಗಂಡ ಕೂಡ.

ಮರುದಿನ ಬೆಳಿಗ್ಗೆ ನಾನು ಇಬ್ಬರ ತಾಟನ್ನೂ ಒಂದೇ ಕಡೆ ಇಟ್ಟು, ಮೊದಲ ರೊಟ್ಟಿಯನ್ನು ಅಬ್ಬಾರ ಕಣ್ಣೆದುರೇ ಮಾಸ್ತರರ ತಾಟಿಗೆ ಹಾಕಿದೆ. ಎರಡನೆಯದನ್ನು ಅಬ್ಬಾರಿಗೆ ಹಾಕಿ, ಅವರು ಮುರಿದು ಬಾಯಿಗಿಡುವವರೆಗೂ ಅಲ್ಲೇ ನಿಂತಿದ್ದೆ.