ಕೊಲೆಗಾರ ಯಾರು ಅನ್ನುವಷ್ಟರಲ್ಲಿ ಕರೆಂಟು ಹೋಯಿತು

ಭಾನುವಾರದ ಟಿ.ವಿ. ಧಾರಾವಾಹಿಯಲ್ಲಿ ಒಬ್ಬ ಗುತ್ತಿಗೆದಾರ ತನ್ನ ಮನೆಯಲ್ಲೇ ತಲೆ ಒಡೆದು ಸತ್ತುಬಿದ್ದಿದ್ದ. ಕೊಂದವರು ಯಾರು ಅಂತ ಬೆಟಗೇರಿಯ ನಮ್ಮ ಓಣಿಯೆಲ್ಲ ಜಗಳಾಡುತ್ತಿತ್ತು. ಅಪ್ಪನ ಪ್ರಕಾರ ಆಸ್ತಿಗಾಗಿ ತಮ್ಮ. ಅವ್ವನ ಪ್ರಕಾರ ಅಡಿಗೆಯವನು. ಅವನ ಮೀಸೆ ಆಕೆಗೆ ಸೇರುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಮಾತ್ರ ಹೆಂಡತಿಯೇ ಕೊಂದದ್ದು, ಅದೂ ತಡಮಾಡಿ ಕೊಂದಳು ಅಂತ ಎಲೆ ಜಗಿಯುತ್ತ ತೀರ್ಪು ಕೊಟ್ಟಿದ್ದಳು. ಕಂತು ತಪ್ಪಿಸಿಕೊಂಡವರಿಗೆಲ್ಲ ನಾನೇ ಮರುಪ್ರಸಾರ. ಇನ್ಸ್‌ಪೆಕ್ಟರನ ಕೆಮ್ಮು, ಅತ್ತೆಯ ಅಳು, ಕಡೆಗೆ ಹೆಣ, ಎಲ್ಲ ಮಾಡಿ ತೋರಿಸುತ್ತಿದ್ದೆ. ಹೆಣ ಮಾತ್ರ ಥೇಟ್ ಬರುತ್ತದೆ, ಮನೆಯಲ್ಲಿ ದಿನವಿಡೀ ಅದನ್ನೇ ಮಾಡಿಕೊಂಡಿರುತ್ತಾನಲ್ಲ ಅಂತ ಅಪ್ಪ ಮೆಚ್ಚಿಕೊಳ್ಳುತ್ತಿದ್ದ.

ಅಕ್ಕ ಈ ವಾದಕ್ಕೆ ಬಾಯಿ ಹಾಕುತ್ತಿರಲಿಲ್ಲ. ಲಕ್ಷ್ಮೇಶ್ವರದ ಗಂಡನ ಮನೆಯಿಂದ ಬಂದಾಗ ಆಕೆಯ ಎರಡು ಬೆರಳು ಕಪ್ಪಗೆ ಊದಿಕೊಂಡಿದ್ದವು. ಬಾಗಿಲಿಗೆ ಸಿಕ್ಕವು ಅಂದಳು. ಕಿವಿಯ ಹಿಂದೆ ಸೀಳಿದ್ದಕ್ಕೂ ಅದೇ ಬಾಗಿಲು. ಯಾರೂ ಹೆಚ್ಚು ಕೇಳಲಿಲ್ಲ. ಕೇಳಿದರೆ ತಿರುಗಿ ಕಳಿಸುವುದು ಹೇಗೆ?

ಕಡೆಯ ಕಂತಿನ ಭಾನುವಾರ ಮಧ್ಯಾಹ್ನ ಭಾವ ಆಕೆಯನ್ನು ಕರೆದೊಯ್ಯಲು ಬಂದ. ಕಳಿಸುವುದೇ ಅಂತ ಅಪ್ಪ ಗಟ್ಟಿ ಮಾಡಿಕೊಂಡಿದ್ದ. ಅಕ್ಕನನ್ನು ಯಾರೂ ಕೇಳಿರಲಿಲ್ಲ. ಹುಗ್ಗಿ ಉಂಡು ಎಲ್ಲರೂ ಟಿ.ವಿ. ಮುಂದೆ ಕೂತೆವು. ಇನ್ಸ್‌ಪೆಕ್ಟರು ಕೊಲೆಗಾರನ ಕಡೆ ಬೆರಳು ಎತ್ತುವಷ್ಟರಲ್ಲಿ ಕರೆಂಟು ಹೋಯಿತು.

ಅಜ್ಜಿ ನನ್ನ ಬೆನ್ನಿಗೆ ತಿವಿದಳು. "ನೀನರ ಮುಗಸಲೇ, ಮಂಗ್ಯಾ."

ಎದ್ದು ನಿಂತೆ. ಕೊಲೆಗೆ ಮುಂಚಿನ ಗಂಡಹೆಂಡಿರ ಜಗಳದಿಂದ ಶುರು. ಹೆಂಡತಿಯ ಸಣ್ಣ ದನಿ ಸಲೀಸಾಗಿ ಬಂತು. ಸತ್ತವನು ಮಾತ್ರ ಅಷ್ಟು ಕಂತುಗಳಲ್ಲಿ ಒಮ್ಮೆಯೂ ಮಾತಾಡಿರಲಿಲ್ಲ. ಅವನಿಗೊಂದು ದನಿ ಬೇಕಿತ್ತು. ಭಾವ ಎದುರಿಗೇ ಕೂತಿದ್ದ, ಕಾಲೆಳೆಯೋಣ ಅಂತ ಅವನದನ್ನೇ ತಗೊಂಡೆ. ಒಮ್ಮೆ ಅಕ್ಕ ಫೋನಿನಲ್ಲಿದ್ದಾಗ ಆಕೆಯ ಹಿಂದಿನಿಂದ ಆ ದನಿ ಕೇಳಿಸಿತ್ತು, ಮೆಲ್ಲಗೆ, ಮುದ್ದು ಮಾಡಿದ ಹಾಗೆ.

"ಏನಂದಿ? ಇನ್ನೊಮ್ಮಿ ಅನ್ನು."

ಮಂದಿ ನಗುತ್ತಾರೆ ಅಂತ ಕಾದೆ. ಗೋಡೆಯ ಕಡೆ ಧಡಕ್ ಅಂತ ಸಪ್ಪಳವಾಯಿತು. ಅಕ್ಕ ಎರಡೂ ಮೊಣಕೈ ತಲೆಗೆ ಅಡ್ಡ ಕೊಟ್ಟು ಮೂಲೆಗೆ ಮುದುಡಿ ಬಿದ್ದಿದ್ದಳು, ಹೊಡೆತಕ್ಕೆ ಕಾಯುತ್ತ. ಯಾರೂ ಹೊಡೆದಿರಲಿಲ್ಲ. ಬರೀ ನಾನು, ಮಂಗ್ಯಾ, ಮಾತಾಡಿದ್ದೆ.

ಎಲ್ಲರೂ ಆಕೆಯನ್ನು ನೋಡಿದರು, ಆಮೇಲೆ ಭಾವನನ್ನು. ಅವನು ತಂಬಿಗೆಯಿಂದ ನನ್ನ ಬಾಯಿಗೆ ಬಾರಿಸಿದ. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು, ಅಂಗಿ ತುಂಬ ರಕ್ತ. ಬಿದ್ದವನ ಪಕ್ಕೆಗೆ ಎರಡು ಒದೆ. ಆಮೇಲೆ ಅಕ್ಕನ ಜಡೆಗೆ ಕೈಹಾಕಿ ಎಳೆದ. ಅಪ್ಪ ಅವನ ಕುತ್ತಿಗೆಗೆ ಮೊಣಕೈ ಒತ್ತಿ ಗೋಡೆಗೆ ಹಚ್ಚಿದ. ಅಪ್ಪ ಕೈ ಎತ್ತಿದ್ದನ್ನು ನಾನು ಅವತ್ತೇ ಕಂಡದ್ದು. ಅಪ್ಪನ ಗುದ್ದಿಗೆ ಭಾವನ ಹುಬ್ಬು ಒಡೆಯಿತು. ಆದರೂ ಅವನು ಏದುಸಿರಲ್ಲೇ ಜಲ್ದಿ ಉಡಿ ತುಂಬರಿ, ಹೊತ್ತಾಗತದ ಅಂದ.

ಉಡಿ ತುಂಬದೆ ಮಗಳನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸೆರಗಿಗೆ ಅಕ್ಕಿ, ಕೊಬ್ಬರಿ ಬಿದ್ದರೆ ಹೊರಟ ಹಾಗೆಯೇ. ಅವ್ವ ಅಕ್ಕಿಯ ತಾಟು ಹಿಡಿದು ಅಕ್ಕನ ಮುಂದೆ ನಿಂತಳು. ಅಕ್ಕ ಆ ಕಪ್ಪು ಬೆರಳುಗಳಿಂದಲೇ ಸೆರಗು ಎಳೆದು ಸೊಂಟಕ್ಕೆ ಗಟ್ಟಿಯಾಗಿ ಸಿಗಿಸಿಕೊಂಡಳು.

ಅವ್ವ ತಾಟು ಹಿಡಿದೇ ಭಾವನ ಕಡೆ ತಿರುಗಿದಳು.

"ಅಳಿಯಂದ್ರ, ನಿಮ್ಮ ಊಟ ಆಗೇತಿ. ಇನ್ನ ಹೋಗ್ರಿ."

ಒಳಗೆ ಹೋಗಿ ಅಕ್ಕಿಯನ್ನು ಡಬ್ಬಿಗೆ ಸುರಿದಳು.